ಬೋರ್ಡ್ ಹಾಕಿದ ಮೇಲೂ ಜನ ಕೇಳುತ್ತಾರಾ? ಫಲಕ, ಫಾರಂ, ಆ್ಯಪ್ ಮಾಡಿಸುವವರಿಗೆ ಒಂದು ಕೈಪಿಡಿ

"ಇಷ್ಟು ದೊಡ್ಡ ಬೋರ್ಡ್ ಹಾಕಿದ್ದೇವೆ. ಆದರೂ ಬಂದವರು ಅದನ್ನೇ ಕೇಳ್ತಾರೆ. ಜನ ಓದೋದೇ ಇಲ್ಲ ಮಾರಾಯ್ರೆ, ಏನು ಮಾಡೋದು?"

ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಶಿರಸಿ ಕಡೆ ಹೋಮ್‌ಸ್ಟೇ ನಡೆಸುವವರು ಕೇಳುತ್ತಾರೆ. ಕಾರವಾರದಲ್ಲಿ ಬೋಟ್ ಬಿಡುವವರು ಕೇಳುತ್ತಾರೆ. ಕುಮಟಾದ ಅಂಗಡಿಯವರು, ಸೊಸೈಟಿಗೆ ಆ್ಯಪ್ ಮಾಡಿಸಿದವರು, ಎಲ್ಲರದ್ದೂ ಇದೇ ದೂರು. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಕೊಟ್ಟು ಸಾಕಾಗಿ, ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಜನ ಓದುವುದಿಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ಅವರು ಹುಡುಕುತ್ತಾರೆ. ಆ ಕ್ಷಣಕ್ಕೆ ಬೇಕಾದ ಒಂದೇ ಒಂದು ಸಂಗತಿಗಾಗಿ ಕಣ್ಣಾಡಿಸುತ್ತಾರೆ. ಸಿಕ್ಕಿದರೆ ಸರಿ, ಸಿಗದಿದ್ದರೆ ಕೇಳುತ್ತಾರೆ. ಹಾಗಾಗಿ ಅವರು ಕೇಳುವ ಪ್ರಶ್ನೆಯೇ ನಿಮ್ಮ ಕಚ್ಚಾ ಮಾಲು.

ಈ ವಿಷಯಕ್ಕೆ ಯೂಸಬಿಲಿಟಿ ಅಂತ ಹೆಸರಿದೆ. ಒಂದು ವಸ್ತುವನ್ನು ಯಾರನ್ನೂ ಕೇಳದೆ, ತಪ್ಪಿಲ್ಲದೆ ಬಳಸಲು ಎಷ್ಟು ಸುಲಭ ಅನ್ನುವ ಗುಣ. ನಮ್ಮ ಹಳ್ಳಿಮನೆಯ ದಣಪೆ ನೋಡಿ. ಎರಡು ಕಂಬ, ಅದರ ತೂತಿನಲ್ಲಿ ಅಡ್ಡ ಗಳ. ನೋಡಿದರೆ ಸಾಕು, ಗಳ ಸರಿಸಿ ಒಳಗೆ ಹೋಗಬೇಕು ಅಂತ ಗೊತ್ತಾಗುತ್ತದೆ. ಅದಕ್ಕೆ ಯಾರೂ ಬೋರ್ಡ್ ಬರೆಸಿಲ್ಲ. ಈಗ ಪೇಟೆಯ ಗಾಜಿನ ಬಾಗಿಲು ನೋಡಿ. ಎರಡೂ ಬದಿಗೆ ಒಂದೇ ತರದ ಹಿಡಿಕೆ, ತಳ್ಳಬೇಕೋ ಎಳೆಯಬೇಕೋ ತಿಳಿಯದು. ಅಮೆರಿಕದ ವಿನ್ಯಾಸ ತಜ್ಞ ಡೊನಾಲ್ಡ್ ನಾರ್ಮನ್ 1988ರಲ್ಲಿ ಇಂಥ ಬಾಗಿಲುಗಳ ಬಗ್ಗೆ ಬರೆದರು. ಆಮೇಲೆ ಇವಕ್ಕೆ 'ನಾರ್ಮನ್ ಬಾಗಿಲು' ಅಂತಲೇ ಹೆಸರಾಯಿತು. ಹಾಗಾಗಿ ಬರೆಯುವುದಕ್ಕೆ ಮುಂಚೆ ವಸ್ತುವನ್ನೇ ಸರಿ ಮಾಡಲು ಆಗುತ್ತದಾ ನೋಡಿ. ತಳ್ಳುವ ಬದಿಯ ಹಿಡಿಕೆ ತೆಗೆದು ಒಂದು ತಗಡು ಹೊಡೆದರೆ 'ತಳ್ಳಿ' ಅನ್ನುವ ಸ್ಟಿಕ್ಕರೇ ಬೇಡ.

ಬೇಕಾಗುವ ಸಾಮಾನು ಕಡಿಮೆ. ಒಂದು ನೋಟ್‌ಬುಕ್, ದಪ್ಪ ಮಾರ್ಕರ್, ಹಳೇ ಕ್ಯಾಲೆಂಡರಿನ ಹಾಳೆಗಳು, ಒಂದು ಮೊಬೈಲ್. ಜೊತೆಗೆ ನಿಮ್ಮ ಜಾಗವನ್ನೋ ಆ್ಯಪನ್ನೋ ಈವರೆಗೆ ನೋಡಿರದ ಐದು ಜನ.

1. ಹದಿನೈದು ದಿನ ಪ್ರಶ್ನೆ ಬರೆದುಕೊಳ್ಳಿ

ಫ್ಲೆಕ್ಸ್ ಅಂಗಡಿಗೆ ಈಗಲೇ ಹೋಗಬೇಡಿ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ. ಏನು ಕೇಳಿದರು, ಎಲ್ಲಿ ನಿಂತು ಕೇಳಿದರು, ಆಮೇಲೆ ಏನಾಯಿತು.

ಅವರ ಮಾತನ್ನು ಇದ್ದ ಹಾಗೇ ಬರೆಯಿರಿ. "ಸೇತುವೆ ದಾಟಿದ ಮೇಲೆ ಯಾವ ಕಡೆ?" "ಕಾರು ಬಾಗಿಲ ತನಕ ಬರ್ತದಾ?" "ರೇಟಲ್ಲಿ ಊಟ ಸೇರಿದೆಯಾ?" ಇದನ್ನು 'ಮಾರ್ಗದ ಬಗ್ಗೆ ವಿಚಾರಣೆ' ಅಂತ ಬರೆದುಕೊಂಡರೆ ಕೆಲಸಕ್ಕೆ ಬಾರದು. ನಾಳೆ ಬೋರ್ಡಿನಲ್ಲಿ ಬೇಕಾಗುವುದು ಅವರ ಶಬ್ದ, ನಿಮ್ಮದಲ್ಲ.

ಎರಡನೇ ಕಾಲಂ ಬಿಡಬೇಡಿ. ಹೆಚ್ಚಿನವರು ಬಿಡುವುದು ಅದನ್ನೇ. ಒಂದೇ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಕೂತು ಕೇಳಿದರೆ ಉತ್ತರ ಬುಕಿಂಗ್ ಪುಟದಲ್ಲಿ ಇರಬೇಕು. ಕವಲು ರಸ್ತೆಯಲ್ಲಿ ನಿಂತು ಕೇಳಿದರೆ ಅಲ್ಲೇ ಬಾಣದ ಗುರುತು ಬೇಕು.

2. ಅನುಮಾನ ಹುಟ್ಟುವ ಜಾಗದಲ್ಲೇ ಉತ್ತರ ಇಡಿ

ಇಲ್ಲಿ ನಾನೇ ಎಡವಿದ್ದೇನೆ. ನೆಂಟರ ಹೋಮ್‌ಸ್ಟೇಗೆ 'ಎಡಕ್ಕೆ ತಿರುಗಿ' ಅಂತ ಚೆಂದದ ಬೋರ್ಡ್ ಮಾಡಿಸಿ, ಕವಲು ದಾಟಿ ಹತ್ತು ಹೆಜ್ಜೆ ಮುಂದೆ ನೆಟ್ಟಿದ್ದೆ. ಅಲ್ಲಿ ಒಳ್ಳೆಯ ಮರ ಇತ್ತು, ಮೊಳೆ ಹೊಡೆಯಲು ಅನುಕೂಲ ಅಂತ. ಬಂದ ಕಾರೆಲ್ಲ ಬೋರ್ಡ್ ನೋಡಿ ರಿವರ್ಸ್ ತೆಗೆದುಕೊಳ್ಳುತ್ತಿದ್ದವು.

ಲೆಕ್ಕ ಹೀಗಿದೆ. ಒಳರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುವ ಕಾರು ಕೂಡ ಸೆಕೆಂಡಿಗೆ ಐದೂವರೆ ಮೀಟರ್ ದಾಟುತ್ತದೆ. ಓದಿ, ಅರ್ಥ ಮಾಡಿಕೊಂಡು, ಬ್ರೇಕ್ ಒತ್ತಲು ಮೂರು ಸೆಕೆಂಡ್ ಬೇಕು ಅಂತಿಟ್ಟುಕೊಳ್ಳಿ. ಅಂದರೆ ಕವಲಿಗೆ 15-20 ಮೀಟರ್ ಮುಂಚೆಯೇ ಅಕ್ಷರ ಕಣ್ಣಿಗೆ ಬಿದ್ದಿರಬೇಕು. ಬೋರ್ಡ್ ಬರೆಯುವವರ ರೂಢಿಯ ಲೆಕ್ಕದಲ್ಲಿ 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ ಆರಾಮಾಗಿ ಓದಲು ಸಿಗುತ್ತದೆ. ಹಾಗಾದರೆ ಇಲ್ಲಿಗೆ 5-6 ಇಂಚಿನ ಅಕ್ಷರ. ಈ ಅಳತೆ ಕನ್ನಡದ ಮೂಲ ಅಕ್ಷರಕ್ಕೆ, ಕೆಳಗಿನ ಒತ್ತು ಸೇರಿಸಿ ಅಲ್ಲ. ಮೂರು ಸೆಕೆಂಡಿನಲ್ಲಿ ಓದಲಾಗುವುದು ಮೂರು ನಾಲ್ಕು ಪದ. ಹೆಸರು, ಬಾಣ, ದೂರ. ಮುಗಿಯಿತು. ನಿಮ್ಮ ಮೊಬೈಲ್ ನಂಬರು, ಜಲಪಾತದ ಫೋಟೋ, 'ಮಲೆನಾಡಿನ ಮಡಿಲಲ್ಲಿ' ಅನ್ನುವ ಸಾಲು, ಯಾವುದಕ್ಕೂ ಅಲ್ಲಿ ಜಾಗ ಇಲ್ಲ.

ಇನ್ನೊಂದು ನಮ್ಮ ಕಡೆಯದೇ ತೊಂದರೆ, ಸಿಗ್ನಲ್. ಘಟ್ಟದಲ್ಲಿ, ಕಾಡಿನ ಒಳರಸ್ತೆಯಲ್ಲಿ ಅದು ಯಾವಾಗ ಹೋಗುತ್ತದೋ ಹೇಳಲಾಗದು. 'ಲೊಕೇಶನ್ ಕಳಿಸಿದ್ದೇನಲ್ಲ' ಅಂತ ನೀವು ನಿಶ್ಚಿಂತೆಯಿಂದ ಇರುತ್ತೀರಿ. ಅವರ ಫೋನಿನಲ್ಲಿ ಮ್ಯಾಪ್ ಬಿಳಿ ಹಾಳೆಯಾಗಿರುತ್ತದೆ. ಕೆಲವೊಮ್ಮೆ ಮ್ಯಾಪ್ ತೋಟದ ಕಾಲುದಾರಿಯನ್ನೂ ರಸ್ತೆ ಅಂತ ತೋರಿಸುತ್ತದೆ. ಆದ್ದರಿಂದ ಹೊರಡುವ ಹಿಂದಿನ ದಿನ ದಾರಿಯನ್ನು ಮಾತಿನಲ್ಲೇ ಬರೆದು ಮೆಸೇಜ್ ಕಳಿಸಿ. ಐದಾರು ಸಾಲು ಸಾಕು.

ಆ ಸಾಲುಗಳಲ್ಲಿ ಹೊಸಬರಿಗೂ ಗುರುತು ಸಿಗುವ ಕುರುಹು ಇರಲಿ. ಶಾಲೆ, ಬಸ್ ನಿಲ್ದಾಣ, ದೇವಸ್ಥಾನ, ಸೇತುವೆ. 'ದೊಡ್ಡ ಹಲಸಿನ ಮರ' ಬೇಡ. ಬೆಂಗಳೂರಿನವರಿಗೆ ನಮ್ಮಲ್ಲಿರುವ ಎಲ್ಲ ಮರವೂ ದೊಡ್ಡದೇ. 'ಸಂಕ' ಅಂದರೂ ಅವರಿಗೆ ತಿಳಿಯದು, 'ಕಾಲುಸೇತುವೆ' ಅನ್ನಿ. ದಾರಿ ತಪ್ಪಿದರೆ ಗೊತ್ತಾಗುವ ಗುರುತನ್ನೂ ಹೇಳಿ. 'ಹೈಸ್ಕೂಲ್ ಕಂಡರೆ ಒಂದು ಕಿ.ಮೀ. ಮುಂದೆ ಬಂದಿದ್ದೀರಿ, ತಿರುಗಿಸಿ.' ಈ ಒಂದು ಸಾಲು ಉಳಿಸುವಷ್ಟು ಫೋನ್ ಕಾಲ್‌ಗಳನ್ನು ಬೇರೆ ಯಾವುದೂ ಉಳಿಸುವುದಿಲ್ಲ. ಕುಮಟಾ ಕಡೆಯಿಂದ ಶಿರಸಿಗೆ ಬರುವವರಿಗೆ ದೇವಿಮನೆ ಘಟ್ಟ ಬಂದ್ ಇದ್ದರೆ ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ, ಕೊನೆಗಲ್ಲ.

3. ವಾಕ್ಯ ಬರೆಯಿರಿ, ಬಾಲ ನೋಡಿಕೊಳ್ಳಿ

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. 'ಬೇಡ', 'ಬಾರದು' ಅನ್ನುವುದು ಅದಕ್ಕೂ ಕೊನೆಗೆ. ಮಾತಾಡುವಾಗ ಇದು ತೊಂದರೆಯೇ ಅಲ್ಲ. ಬೋರ್ಡಿನಲ್ಲಿ ಮಾತ್ರ ದೊಡ್ಡ ತಾಪತ್ರಯ. ಪೇಂಟರ್ ಜಾಗ ಸಾಲದೆ ಹೀಗೆ ಬರೆದಿರುತ್ತಾನೆ:

ಇಲ್ಲಿ ವಾಹನ ನಿಲ್ಲಿಸ
ಬಾರದು

ದೂರದಿಂದ ಮೊದಲ ಸಾಲು ಮಾತ್ರ ಕಾಣುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ಕೆಳಗಿನ ಸಾಲಿಗೆ ಪಾಚಿ ಹಿಡಿದಿರುತ್ತದೆ. ಆಗ ಬೋರ್ಡೇ ಕಾರು ನಿಲ್ಲಿಸಲು ಕರೆದ ಹಾಗಿರುತ್ತದೆ, ಅಲ್ವಾ? ಎರಡು ದಾರಿ ಇವೆ. ಒಂದು, ಕ್ರಿಯಾಪದವನ್ನು ಸಾಲಿನ ನಡುವೆ ಮುರಿಯಲೇಬೇಡಿ. ಎರಡು, ಏನು ಮಾಡಬಾರದು ಅನ್ನುವ ಬದಲು ಏನು ಮಾಡಬೇಕು ಹೇಳಿ. 'ಪಾರ್ಕಿಂಗ್: ಎದುರಿನ ಬಯಲು', ಪಕ್ಕದಲ್ಲಿ ಒಂದು ಬಾಣ. ಜಾಗ ತೋರಿಸದೆ ಬರೀ 'ಬೇಡ' ಅಂದರೆ ಅವನು ಕಾರನ್ನು ತಲೆ ಮೇಲೆ ಹೊತ್ತುಕೊಳ್ಳುತ್ತಾನಾ?

ಅಪಾಯದ ಬೋರ್ಡ್ ಆದರೆ ಮೂರು ಸಂಗತಿ ಬೇಕು. ಏನು ಮಾಡಬೇಡಿ, ಯಾಕೆ, ಸಿಕ್ಕಿಬಿದ್ದರೆ ಏನು ಮಾಡಬೇಕು. ಸಮುದ್ರದ ದಡದಲ್ಲಿ ಸುಮ್ನೆ 'ಎಚ್ಚರಿಕೆ! ಅಪಾಯ!' ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ನೀರು ಶಾಂತವಾಗಿಯೇ ಕಾಣುತ್ತಿರುತ್ತದೆ. ದಡಕ್ಕೆ ಬಂದ ನೀರು ಕಿರಿದಾದ ಜಾಗದಲ್ಲಿ ರಭಸದಿಂದ ವಾಪಸ್ ಹೋಗುವ ಸೆಳೆತಕ್ಕೆ ರಿಪ್ ಕರೆಂಟ್ ಅನ್ನುತ್ತಾರೆ. ಮೋಸ ಏನೆಂದರೆ, ಅಲ್ಲಿ ಅಲೆ ಕಡಿಮೆ ಇದ್ದು ಅದೇ ಒಳ್ಳೆಯ ಜಾಗ ಅನ್ನಿಸುತ್ತದೆ. ಹಾಗಾಗಿ ಬೋರ್ಡ್ ಹೀಗಿರಲಿ: 'ಇಲ್ಲಿ ನೀರಿಗೆ ಇಳಿಯಬೇಡಿ. ಒಳಸೆಳೆತ ಇದೆ. ಸಿಕ್ಕಿಬಿದ್ದರೆ ದಡದ ಕಡೆ ಈಜಬೇಡಿ, ದಡದ ಉದ್ದಕ್ಕೆ ಈಜಿ. ತುರ್ತು ಕರೆ 112.' ಈ ಸಾಲುಗಳು ಹಿಂದಿ, ಇಂಗ್ಲಿಷಿನಲ್ಲೂ ಇರಲೇಬೇಕು. ಗೋಕರ್ಣ, ಮುರ್ಡೇಶ್ವರಕ್ಕೆ ಬರುವವರು ಎಲ್ಲಿಂದಲೋ ಬಂದಿರುತ್ತಾರೆ.

'ಪ್ರವಾಸಿಗರಲ್ಲಿ ಸವಿನಯವಾಗಿ ವಿನಂತಿಸಿಕೊಳ್ಳುವುದೇನೆಂದರೆ' ಅಂತ ಶುರು ಮಾಡಬೇಡಿ. ಅಷ್ಟು ಓದುವಷ್ಟರಲ್ಲಿ ಅವರು ಚಪ್ಪಲಿ ಹಾಕಿಕೊಂಡೇ ಒಳಗೆ ಬಂದಿರುತ್ತಾರೆ. 'ಚಪ್ಪಲಿ ಇಲ್ಲಿ ಬಿಡಿ' ಅಂದರೆ ಸಾಕು. ಮರ್ಯಾದೆ 'ಬಿಡಿ' ಅನ್ನುವುದರಲ್ಲೇ ಇದೆ.

ಜನ ಆಡುವ ಪದವನ್ನೇ ಬಳಸಿ. ಶಿರಸಿ ಮಾರುಕಟ್ಟೆಯಲ್ಲಿ ಅಡಿಕೆಗೆ ಚಾಲಿ, ರಾಶಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು ಅಂತ ಹೆಸರಿದೆ. ದರ ತೋರಿಸುವ ಆ್ಯಪಿನಲ್ಲಿ 'ಶ್ರೇಣಿ 1, ಶ್ರೇಣಿ 2' ಅಂತ ಹಾಕಿದರೆ ಅದನ್ನು ತೆರೆದ ಬೆಳೆಗಾರ ಮುಚ್ಚಿಟ್ಟು ಫೋನ್ ಮಾಡುತ್ತಾನೆ. ದರ ಬರೆದಲ್ಲಿ 'ಕ್ವಿಂಟಲಿಗೆ' ಅಂತಲೋ 'ಕಿಲೋಗೆ' ಅಂತಲೋ ಬರೆಯಲು ಮರೆಯಬೇಡಿ.

ದಿನಾಂಕದಲ್ಲಿ 5/6 ಅಂತ ಬರೆದರೆ ಕೆಲವರಿಗೆ ಜೂನ್ 5, ಕೆಲವರಿಗೆ ಮೇ 6. 'ಜೂನ್ 5, ಗುರುವಾರ' ಅಂತ ತಿಂಗಳು, ವಾರ ಎರಡನ್ನೂ ಬರೆಯಿರಿ. '12 ಗಂಟೆ' ಅಂದರೆ ಮಧ್ಯಾಹ್ನವೋ ರಾತ್ರಿಯೋ ಹೇಳಿ. 'ನಾಳೆ ರಜೆ' ಅನ್ನುವ ಬೋರ್ಡ್ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಅಂಗಡಿ, ಹೋಟೆಲಿನ ನಾಮಫಲಕವಾದರೆ ಕಾನೂನೂ ಇದೆ. ರಾಜ್ಯದ 2024ರ ತಿದ್ದುಪಡಿ ಪ್ರಕಾರ ಫಲಕದ ಶೇ. 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ.

4. ಅಕ್ಷರ, ಬಣ್ಣ, ಕ್ಯೂಆರ್

ಫ್ಲೆಕ್ಸ್ ಅಂಗಡಿಯವರು ಕೆಂಪಿನ ಮೇಲೆ ಹಸಿರು ಹಾಕಿ, ಸುತ್ತ ನೆರಳು ಕೊಡುತ್ತೇನೆ ಅನ್ನುತ್ತಾರೆ. ಬೇಡ ಅನ್ನಿ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರಕ್ಕೆ ಕಾಂಟ್ರಾಸ್ಟ್ ಅನ್ನುತ್ತಾರೆ. ವೆಬ್ ಪುಟಗಳಿಗೆ ಇರುವ ಅಂತರರಾಷ್ಟ್ರೀಯ ಸೂತ್ರದಲ್ಲಿ ಸಾಮಾನ್ಯ ಅಕ್ಷರಕ್ಕೆ ಅದು ಕನಿಷ್ಠ 4.5ಕ್ಕೆ 1 ಇರಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1. ಅಳೆಯುವ ಪುಟಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಅಷ್ಟೆಲ್ಲ ಬೇಡ ಅಂದರೆ ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯಿರಿ. ಅದರಲ್ಲಿ ಅಕ್ಷರ ಮಸುಕಾದರೆ ಬಣ್ಣ ಬದಲಿಸಿ. ಕೆಂಪು-ಹಸಿರು ಬೇರೆ ಮಾಡಲಾಗದ ಕಣ್ಣಿನವರೂ ಇದ್ದಾರೆ. ಅದಕ್ಕೆ 'ಹಸಿರು ಇದ್ದರೆ ರೂಮು ಖಾಲಿ' ಅಂತ ಬಣ್ಣದ ಮೇಲೆ ಮಾತ್ರ ನಂಬಿಕೆ ಇಡಬೇಡಿ. 'ಖಾಲಿ' ಅಂತ ಪದವನ್ನೂ ಬರೆಯಿರಿ.

ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. ಸಾಲಿನ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬೇಕು. ನಾನು ಅಕ್ಷರದ ಅಳತೆಯ ಒಂದೂವರೆ ಪಟ್ಟಿಗಿಂತ ಕಡಿಮೆ ಇಡುವುದಿಲ್ಲ. ಪದಗಳೂ ಉದ್ದ. ಇಂಗ್ಲಿಷ್ ಪದಕ್ಕೆ ಅಳೆದು ಮಾಡಿದ ಬಟನ್‌ನಲ್ಲಿ ಕನ್ನಡ ಹಾಕಿದರೆ ಬಾಲ ಕತ್ತರಿಸಿಹೋಗುತ್ತದೆ. ಬಾಲದಲ್ಲಿ ಏನಿರುತ್ತದೆ ಅಂತ ಆಗಲೇ ನೋಡಿದಿರಲ್ಲ.

ಕಂಪ್ಯೂಟರಿನಲ್ಲಿ ಟೈಪ್ ಮಾಡುವಾಗ ಯುನಿಕೋಡ್ ಬಳಸಿ. ಯುನಿಕೋಡ್ ಅಂದರೆ ಜಗತ್ತಿನ ಪ್ರತಿ ಅಕ್ಷರಕ್ಕೂ ಒಂದು ನಿಗದಿತ ಸಂಖ್ಯೆ ಕೊಟ್ಟ ವ್ಯವಸ್ಥೆ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತದೆ. ಮೊಬೈಲಿನಲ್ಲಂತೂ ಓದಲು ಸಾಧ್ಯವೇ ಇಲ್ಲ. ಈಗ ಅದೇ ನುಡಿ, ಬರಹದಲ್ಲೂ ಯುನಿಕೋಡ್ ಆಯ್ಕೆ ಇದೆ.

ಹಣ ಕಟ್ಟುವ ಕ್ಯೂಆರ್ ಚೌಕದ ಸುತ್ತ ಅದರದೇ ನಾಲ್ಕು ಸಣ್ಣ ಚುಕ್ಕಿಯಷ್ಟು ಖಾಲಿ ಅಂಚು ಬಿಡಿ. ಹೂವಿನ ಚಿತ್ತಾರ ಅಂಟಿಸಿದರೆ ಸ್ಕ್ಯಾನ್ ಆಗದೆ ಹೋಗಬಹುದು. ಎಷ್ಟು ದೂರದಿಂದ ಹಿಡಿಯುತ್ತಾರೋ ಅದರ ಹತ್ತನೇ ಒಂದು ಭಾಗ ಅಗಲ ಇದ್ದರೆ ಸರಿ.

5. ಫಾರಂ: ನಮ್ಮ ಹೆಸರು, ನಮ್ಮ ವಿಳಾಸ

ಹೊರಗಿನವರು ಮಾಡಿದ ಫಾರಂ ತಂದು ಹಾಗೇ ಬಳಸುವುದೇ ಮೊದಲ ತಪ್ಪು. ಅದು ಮೊದಲ ಹೆಸರು, ಕೊನೆ ಹೆಸರು ಅಂತ ಎರಡು ಡಬ್ಬಿ ಕೊಟ್ಟು ಎರಡನ್ನೂ ತುಂಬಲೇಬೇಕು ಅನ್ನುತ್ತದೆ. ನಮ್ಮಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಮನೆತನ ಮೂರೂ ಇರುವವರಿದ್ದಾರೆ. ಒಂದೇ ಹೆಸರಿನವರಿದ್ದಾರೆ, ಬರೀ ಇನಿಷಿಯಲ್ ಇರುವವರೂ ಇದ್ದಾರೆ. ಒಂದೇ ಉದ್ದ ಡಬ್ಬಿ ಕೊಡಿ. 'ಪೂರ್ಣ ಹೆಸರು, ಆಧಾರ್‌ನಲ್ಲಿ ಇರುವಂತೆ' ಅಂತ ಬರೆಯಿರಿ. ಅದೂ ಆಧಾರ್‌ಗೆ ತಾಳೆ ನೋಡುವ ಕೆಲಸ ಇದ್ದರೆ ಮಾತ್ರ. ಹೆಗಡೆ ಮತ್ತು ಹೆಗ್ಡೆ, ಭಟ್ ಮತ್ತು ಭಟ್ಟ, ಶಿರಸಿ ಮತ್ತು ಸಿರ್ಸಿ, ಹುಡುಕುವಾಗ ಇವೆರಡೂ ಸಿಗುವ ಹಾಗೆ ಮಾಡಲು ಡೆವಲಪರ್‌ಗೆ ಹೇಳಿ.

ವಿಳಾಸದಲ್ಲಿ ಮನೆ ನಂಬರ್, ಬೀದಿ, ಕ್ರಾಸ್ ಕಡ್ಡಾಯ ಮಾಡಬೇಡಿ. ತೋಟದ ನಡುವೆ ಒಂಟಿ ಮನೆಗೆ ಯಾವ ಕ್ರಾಸ್? ಊರು, ಅಂಚೆ, ತಾಲೂಕು, ಪಿನ್ ಕೋಡ್, ಜೊತೆಗೆ 'ಹತ್ತಿರದ ಗುರುತು' ಅಂತ ಒಂದು ಸಾಲು. ಕಡ್ಡಾಯ ಅಂದರೆ ಜನ ಸೊನ್ನೆಯನ್ನೋ ಚುಕ್ಕಿಯನ್ನೋ ಹಾಕಿ ಮುಂದೆ ಹೋಗುತ್ತಾರೆ. ನಿಮ್ಮಲ್ಲಿ ಕಸ ತುಂಬುತ್ತದೆ.

ಫೋನ್ ನಂಬರನ್ನು ಅವರು ಹೇಗೆ ಬರೆದರೂ ತೆಗೆದುಕೊಳ್ಳಿ. ನಡುವೆ ಜಾಗ ಬಿಟ್ಟರೂ, ಮೊದಲಿಗೆ 0 ಹಾಕಿದರೂ, +91 ಇದ್ದರೂ, ಕನ್ನಡ ಅಂಕಿಯಲ್ಲಿ ೯೪ ಅಂತ ಬರೆದರೂ. ಸರಿ ಮಾಡಿಕೊಳ್ಳುವ ಕೆಲಸ ಕಂಪ್ಯೂಟರಿನದ್ದು.

ಪ್ರತಿ ಡಬ್ಬಿಗೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಇಟ್ಟುಕೊಂಡು ನಾನೇನು ಮಾಡುತ್ತೇನೆ? ಉತ್ತರ ಇಲ್ಲದಿದ್ದರೆ ತೆಗೆಯಿರಿ.

6. ಬಟನ್ ಮತ್ತು ತಪ್ಪಿನ ಸಂದೇಶ

ಕನ್ನಡದ ಆ್ಯಪುಗಳಲ್ಲಿ ನಾನು ಕಂಡ ಅತಿ ಕೆಟ್ಟ ಪರದೆ ಇದು:

'ಬುಕಿಂಗ್ ರದ್ದು ಮಾಡಬೇಕೇ?' ಕೆಳಗೆ ಎರಡು ಬಟನ್. 'ಸರಿ', 'ರದ್ದು'.

ರದ್ದು ಒತ್ತಿದರೆ ಬುಕಿಂಗ್ ರದ್ದಾಗುತ್ತದೋ, ರದ್ದು ಮಾಡುವುದೇ ರದ್ದಾಗುತ್ತದೋ? ಯಾವ ಆ್ಯಪಿಗೋ ಮಾಡಿದ ಅನುವಾದವನ್ನು ಇಲ್ಲಿ ತಂದು ಅಂಟಿಸಿದ್ದರ ಫಲ. ಬಟನ್ ಮೇಲೆ ಪೂರ್ತಿ ಮಾತು ಬರೆಯಿರಿ. 'ಹೌದು, ಬುಕಿಂಗ್ ರದ್ದು ಮಾಡು'. 'ಬೇಡ, ಬುಕಿಂಗ್ ಇರಲಿ'. ಮೇಲಿನ ಪ್ರಶ್ನೆ ಓದದೆ ಬಟನ್ ಮಾತ್ರ ನೋಡಿದವನೂ ತಪ್ಪು ಮಾಡಬಾರದು.

'ಉಳಿಸು' ಅಂತಲೋ 'ಉಳಿಸಿ' ಅಂತಲೋ ಅನ್ನುವ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ. ನನ್ನ ಲೆಕ್ಕ ಇದು. ಬಟನ್ ಒತ್ತುವಾಗ ಬಳಸುವವರು ಯಂತ್ರಕ್ಕೆ ಹೇಳುತ್ತಾರೆ. ಅಲ್ಲಿ 'ಉಳಿಸು', 'ಕಳಿಸು' ಸಾಕು. ಯಂತ್ರ ಬಳಸುವವರಿಗೆ ಹೇಳುವಾಗ 'ನಿಮ್ಮ ಊರು ಬರೆಯಿರಿ', 'ಇಲ್ಲಿ ಒತ್ತಿ'. ಎಂಬತ್ತು ವರ್ಷದ ಅಜ್ಜನಿಗೆ ಆ್ಯಪು 'ಪಾಸ್‌ವರ್ಡ್ ಹಾಕು' ಅಂದರೆ ಚೆಂದ ಇರುವುದಿಲ್ಲ. ಯಾವುದನ್ನೇ ಆರಿಸಿದರೂ ಕೊನೆ ತನಕ ಅದನ್ನೇ ಪಾಲಿಸಿ.

ಬಟನ್ ದೊಡ್ಡದಿರಲಿ. ಆಂಡ್ರಾಯ್ಡ್‌ನವರು ಸೂಚಿಸುವ ಅಳತೆ ಸುಮಾರು 9 ಮಿ.ಮೀ. ಚೌಕ. ಅಡಿಕೆ ಸುಲಿದು ಚೊಗರು ಹತ್ತಿದ ಬೆರಳಿಗೆ ಅದಕ್ಕಿಂತ ದೊಡ್ಡದಿದ್ದರೂ ಬೇಜಾರಿಲ್ಲ.

'ದೋಷ ಸಂಭವಿಸಿದೆ' ಅನ್ನುವ ಸಂದೇಶದಿಂದ ಯಾರಿಗೂ ಉಪಯೋಗ ಇಲ್ಲ. ಏನಾಯಿತು, ಈಗ ಏನು ಮಾಡಬೇಕು, ಎರಡನ್ನೂ ಹೇಳಿ. 'ಫೋನ್ ನಂಬರಿನಲ್ಲಿ 9 ಅಂಕಿ ಇದೆ, 10 ಬೇಕು.' ಆಮೇಲೆ ಅವರು ತುಂಬಿದ್ದನ್ನೆಲ್ಲ ಅಳಿಸಿ ಮೊದಲಿನಿಂದ ಶುರು ಮಾಡಿಸಬೇಡಿ, ದಮ್ಮಯ್ಯ.

ಹಣದ ವಿಷಯದಲ್ಲಿ ಇನ್ನೂ ಹುಷಾರು. 0.1 ಸೆಕೆಂಡಿನೊಳಗೆ ಉತ್ತರ ಬಂದರೆ ನಮಗೆ ಅದು ತಕ್ಷಣ ಅನ್ನಿಸುತ್ತದೆ. 1 ಸೆಕೆಂಡ್ ಆದರೆ ತಡ ಅಂತ ಗೊತ್ತಾಗುತ್ತದೆ. 10 ಸೆಕೆಂಡ್ ದಾಟಿದರೆ ಗಮನ ಹೋಗುತ್ತದೆ. ನಮ್ಮ ನೆಟ್‌ವರ್ಕಿನಲ್ಲಿ 10 ಸೆಕೆಂಡ್ ಮಾಮೂಲು. ಆ ಹೊತ್ತಿನಲ್ಲಿ ಪರದೆ ಸುಮ್ಮನಿದ್ದರೆ ಜನ ಮತ್ತೆ ಒತ್ತುತ್ತಾರೆ, ಎರಡು ಸಲ ದುಡ್ಡು ಹೋಗುತ್ತದೆ. ಒತ್ತಿದ ಕೂಡಲೇ ಬಟನ್ ಮಂಕಾಗಲಿ. 'ಹಣ ಹೋಗುತ್ತಿದೆ, ಮತ್ತೆ ಒತ್ತಬೇಡಿ' ಅಂತ ಬರಲಿ. ನೆಟ್ ಹೋದರೆ ತುಂಬಿದ್ದು ಫೋನಿನಲ್ಲೇ ಉಳಿದು, ಸಿಗ್ನಲ್ ಬಂದಾಗ ಮುಂದುವರಿಯಲಿ.

7. ಐದು ಜನರ ಪರೀಕ್ಷೆ

ಅಚ್ಚಿಗೆ ಕೊಡುವ ಮುಂಚೆ ಕ್ಯಾಲೆಂಡರ್ ಹಾಳೆಯ ಹಿಂದೆ ಮಾರ್ಕರಿನಲ್ಲಿ ಬರೆದು, ಇರಬೇಕಾದ ಜಾಗದಲ್ಲೇ ಅಂಟಿಸಿ. ಆ್ಯಪಾದರೆ ಪರದೆಯನ್ನು ಕಾಗದದ ಮೇಲೆ ಚಿತ್ರಿಸಿದರೂ ಆಗುತ್ತದೆ. ಆಮೇಲೆ ಐದು ಜನರನ್ನು ಒಬ್ಬೊಬ್ಬರಾಗಿ ಕರೆಯಿರಿ. ಐದೇ ಯಾಕೆ? ಈ ಕ್ಷೇತ್ರದ ಹೆಸರಾಂತ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ತೋರಿಸಿದ ಲೆಕ್ಕದಲ್ಲಿ ಐದು ಜನರಿಂದಲೇ ಸುಮಾರು ಶೇ. 85 ತೊಂದರೆ ಹೊರಬೀಳುತ್ತವೆ. ಉಳಿದದ್ದಕ್ಕೆ ಸರಿಪಡಿಸಿ ಇನ್ನೊಂದು ಐದು ಜನ.

ಮನೆಯವರು, ಕೆಲಸದವರು ಲೆಕ್ಕಕ್ಕಿಲ್ಲ. ಅವರಿಗೆ ಉತ್ತರ ಮೊದಲೇ ಗೊತ್ತು. ಒಬ್ಬರು ಕನ್ನಡಕದವರು, ಒಬ್ಬರು ಕನ್ನಡ ಓದಲು ಬಾರದವರು ಇರಲಿ. ಕಾರವಾರದಲ್ಲಾದರೆ ಮನೆಮಾತು ಕೊಂಕಣಿ ಆಗಿರುವ ಒಬ್ಬರು.

'ಅರ್ಥ ಆಯ್ತಾ?' ಅಂತ ಕೇಳಬೇಡಿ. ಎಲ್ಲರೂ ಹೌದು ಅನ್ನುತ್ತಾರೆ, ನಮ್ಮ ಕಡೆಯವರ ಸಂಕೋಚ ಗೊತ್ತಲ್ಲ. ಕೆಲಸ ಕೊಡಿ. 'ಎರಡು ರಾತ್ರಿಗೆ ರೂಮು ಬುಕ್ ಮಾಡಿ.' 'ಬಚ್ಚಲಮನೆ ಹುಡುಕಿ.' ಆಮೇಲೆ ಬಾಯಿ ಮುಚ್ಚಿ ನಿಲ್ಲಿ. ಇದು ಎಲ್ಲಕ್ಕಿಂತ ಕಷ್ಟದ ಹಂತ. ಅವರು ತಪ್ಪು ಬಟನ್ ಕಡೆ ಬೆರಳು ಒಯ್ಯುವಾಗ ನಿಮ್ಮ ನಾಲಿಗೆ ತುರಿಸುತ್ತದೆ. ನೀವು 'ಅದಲ್ಲ, ಪಕ್ಕದ್ದು' ಅಂದಿರೋ, ಪರೀಕ್ಷೆ ಕೆಟ್ಟಿತು. ಎಲ್ಲಿ ನಿಂತರು, ಎಲ್ಲಿ ಹಿಂದೆ ಹೋದರು, ಏನು ಗೊಣಗಿದರು, ಅಷ್ಟು ಬರೆದುಕೊಳ್ಳಿ. ಇಬ್ಬರು ಒಂದೇ ಕಡೆ ಎಡವಿದರೆ ಅದು ಅವರ ತಪ್ಪಲ್ಲ.

8. ಮಳೆಗಾಲದ ಮುಂಚೆ, ಮಳೆಗಾಲದ ನಂತರ

ಮೇ ಕೊನೆಗೆ ಒಂದು ಸುತ್ತು ಹೋಗಿ ಬೋರ್ಡಿಗೆ ಅಡ್ಡ ಬೆಳೆದ ಕೊಂಬೆ ಕಡಿಯಿರಿ, ಸಡಿಲಾದ ಕಂಬ ಗಟ್ಟಿ ಮಾಡಿ. ಅಕ್ಟೋಬರಿನಲ್ಲಿ ಪಾಚಿ ಉಜ್ಜಿ. ಕರಾವಳಿಯಲ್ಲಾದರೆ ಉಪ್ಪುಗಾಳಿಗೆ ಕಬ್ಬಿಣದ ಮೊಳೆ ತುಕ್ಕು ಹಿಡಿದು ಅಕ್ಷರದ ಮೇಲೆ ಇಳಿದಿರುತ್ತದೆ, ಸ್ಟೀಲಿನದ್ದು ಹಾಕಿ.

ಅದೇ ಸುತ್ತಿನಲ್ಲಿ ಹಳೆಯದನ್ನು ಕಿತ್ತುಹಾಕಿ. ಹೊಸ ಬೋರ್ಡ್ ಪಕ್ಕದಲ್ಲೇ ಹಳೇ ದರ, ಹಳೇ ನಂಬರಿನ ಬೋರ್ಡ್ ಉಳಿದಿದ್ದರೆ ಮತ್ತೆ ಫೋನ್ ಶುರು. ಜಾತ್ರೆಗೆ ಹಾಕಿದ 'ಪಾರ್ಕಿಂಗ್' ಬಾಣಗಳದ್ದು ಇನ್ನೂ ಫಜೀತಿ. ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಬಾಣ ಮಾತ್ರ ಮುಂದಿನ ಜಾತ್ರೆ ತನಕ ಅಲ್ಲೇ ನಿಂತು, ಬಂದವರನ್ನೆಲ್ಲ ಬೇಲಿ ಹಾಕಿದ ಗದ್ದೆಗೆ ಕಳಿಸುತ್ತಿರುತ್ತದೆ. ಜಾತ್ರೆ ಮುಗಿದ ಮರುದಿನವೇ ಏಣಿ ತೆಗೆದುಕೊಂಡು ಹೊರಡಿ. ಹಾಕುವಾಗಲೇ ಎಲ್ಲೆಲ್ಲಿ ಎಷ್ಟು ಹಾಕಿದ್ದು ಅಂತ ಆ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಬರೆದಿಟ್ಟಿದ್ದರೆ ಹುಡುಕುವ ಕೆಲಸ ಇರುವುದಿಲ್ಲ.